ಚೀಲ ತೆಗೆದ ಮೇಲೆ

ಹೊಟ್ಟೆಯ ಮೇಲಿನ ಚೀಲ ತೆಗೆಸಿಕೊಂಡು ಆಸ್ಪತ್ರೆಯಿಂದ ಬಂದ ದಿನ ನನ್ನ ಹೆಂಡತಿ ಬೀಬಿಜಾನ ಓಣಿಗೆಲ್ಲ ಸಕ್ಕರೆ ಹಂಚಿದಳು. ವಾಸ್ಕೊದ ಮಂಗೋರ್ ಹಿಲ್‌ನ ನಮ್ಮ ಏರು ಓಣಿಯಲ್ಲಿ ಮುಕ್ಕಾಲು ಮಂದಿ ನಮ್ಮ ಕಡೆಯವರೇ. ವಿಜಯಪುರ, ಬಾಗಲಕೋಟೆ, ಗದಗ ಅಂತ ಎಲ್ಲೆಲ್ಲಿಂದಲೋ ಬಂದು ಗೋವಾದಲ್ಲಿ ಬೇರು ಬಿಟ್ಟವರು. ಒಬ್ಬೊಬ್ಬರಾಗಿ ಬಂದು ನನ್ನ ಮುಖ ನೋಡಿ, "ಗೆದ್ದ ಬಂದಿ ನೋಡಪಾ ಹುಸೇನಾ" ಅಂದರು. ನಾನೂ ಹಾಗೆಯೇ ತಿಳಿದಿದ್ದೆ. ಮರುದಿನ ಸಂಜೆಯೊಳಗೆ ಹದಿನೇಳು ಸಲ ಪಾಯಖಾನೆಗೆ ಹೋಗಿ ಬಂದಿದ್ದೆ.

ಇದನ್ನು ಬರೆಯಲು ಕೂತಾಗ ಬೀಬಿಜಾನ ಕೇಳಿದಳು, "ಇಂಥಾದ್ದನ್ನ ಯಾರರ ಬರೀತಾರೇನ್ರಿ?" ಯಾರೂ ಬರೆಯದ್ದರಿಂದಲೇ ನನಗೆ ಏನಾಗುತ್ತಿದೆ ಎಂದು ಒಂದು ವರ್ಷ ಗೊತ್ತಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಸ್ ಡ್ರೈವರ್. ವೆರ್ಣಾದ ಕಾರ್ಖಾನೆಗಳಿಗೆ ಕೆಲಸಗಾರರನ್ನು ಸಾಗಿಸುವ ಕಂಪನಿ ಬಸ್ಸು. ಹದಿನಾರು ವರ್ಷ ಓಡಿಸಿದೆ. ಮುಂಜಾನೆಯ ಪಾಳಿಯವರನ್ನು ವಾಸ್ಕೊದಿಂದ ಹತ್ತಿಸಿಕೊಂಡು, ಚಿಖಲಿ, ದಾಬೋಳಿ ಹಾದು ಗೇಟಿಗೆ ಮುಟ್ಟಿಸಿ, ಅಲ್ಲಿಂದ ಹಿಂದಿನ ಪಾಳಿಯವರನ್ನು ಹತ್ತಿಸಿಕೊಂಡು ವಾಪಸು. ನಾವು ನದಾಫರು. ಅಜ್ಜನ ಕಾಲಕ್ಕೆ ಹತ್ತಿ ಎಕ್ಕುವ ಕೆಲಸ ಇತ್ತು, ಊರು ಸಿಂದಗಿಯ ಹತ್ತಿರ. ಮನೆಯಲ್ಲಿ ಮೊದಲಿಂದಲೂ ಕನ್ನಡವೇ. ಗೋವಾಕ್ಕೆ ಬಂದ ಮೇಲೆ ಕೊಂಕಣಿ, ಹಿಂದಿ ಬಾಯಿಗೆ ಹತ್ತಿದವು.

ರಕ್ತ ಬೀಳಲು ಶುರುವಾದಾಗ ನನಗೆ ನಲವತ್ತಾರು. ಡ್ರೈವರುಗಳಿಗೆ ಮೂಲವ್ಯಾಧಿ ಅಂದರೆ ನೆಗಡಿ ಇದ್ದ ಹಾಗೆ. ದಿನವಿಡೀ ಬಿಸಿ ಎಂಜಿನ್ನಿನ ಪಕ್ಕ ಕೂತವರಿಗೆ ಬರದೆ ಇನ್ಯಾರಿಗೆ ಬರಬೇಕು? ಗೆಳೆಯ ಹೇಳಿದ ಔಷಧಿಯವನ ಹತ್ತಿರ ಪುಡಿ ತಂದು ಮಜ್ಜಿಗೆಯಲ್ಲಿ ಕಲಸಿ ಕುಡಿದೆ. ಒಂದು ವರ್ಷ ಹೀಗೇ ಹೋಯಿತು. ಆಮೇಲೆ ಹೊಟ್ಟೆ ಕಟ್ಟಿಕೊಂಡು ಮೂರು ದಿನ ಎದ್ದೇಳಲಾಗದೆ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದಾಗ, ಡಾಕ್ಟರು ಕೈಗವಸು ಹಾಕಿಕೊಂಡು ಪರೀಕ್ಷಿಸಿ ಕೈ ತೊಳೆಯಲು ಹೋದರು. ಅವರು ಬಹಳ ಹೊತ್ತು ಕೈ ತೊಳೆದರು. ನನಗೆ ಆಗಲೇ ಗೊತ್ತಾಯಿತು.

ಗುದದ್ವಾರದ ತೀರಾ ಹತ್ತಿರ ಗಡ್ಡೆ. ಕ್ಯಾನ್ಸರ್. ಐದು ವಾರ ಕರೆಂಟ್, ಅಂದರೆ ರೇಡಿಯೇಶನ್, ಕೊಟ್ಟರು, ಆಮೇಲೆ ಆಪರೇಷನ್. ಗಡ್ಡೆ ಇದ್ದ ಕರುಳಿನ ಭಾಗ ಕೊಯ್ದು ತೆಗೆದು, ಉಳಿದದ್ದನ್ನು ಜೋಡಿಸಿ, ಹೊಲಿಗೆ ಮಾಯುವ ತನಕ ಹೊಟ್ಟೆಯ ಬಲಕ್ಕೆ ಒಂದು ತೂತು ಮಾಡಿ ಚೀಲ ಅಂಟಿಸಿದರು. ಮಲ ಅದರಲ್ಲಿ ಬೀಳುತ್ತಿತ್ತು. ಆ ಚೀಲದ ಮೇಲೆ ನನಗೆ ಎಷ್ಟು ಹೇಸಿಗೆ ಅಂದರೆ, ಅಂಗಿಯ ಗುಂಡಿ ಹಾಕುವಾಗ ಕಣ್ಣು ಮುಚ್ಚುತ್ತಿದ್ದೆ. ಎಂಟು ತಿಂಗಳು ಒಂದೇ ಮಾತು ನನ್ನನ್ನು ಬದುಕಿಸಿತು: ಇದು ತೆಗೀತಾರ, ತೆಗೆದ ಮ್ಯಾಲೆ ಎಲ್ಲ ಮೊದಲಿನಂಗ ಆಗ್ತದ.

ತೆಗೆದರು. ಆದರೆ ಯಾವುದೂ ಮೊದಲಿನ ಹಾಗೆ ಆಗಲಿಲ್ಲ.

ಒಂದು ತುತ್ತು ಹೊಟ್ಟೆಗೆ ಬಿದ್ದರೆ ಸಾಕು, ಓಡಬೇಕು. ಹೋಗಿ ಬಂದು ಕೂರುವುದರೊಳಗೆ ಮತ್ತೆ ಒತ್ತಡ. ಬರುವುದು ಗಾಳಿಯೋ ಮಲವೋ ತಿಳಿಯುತ್ತಿರಲಿಲ್ಲ. ತಡೆಯಬೇಕೆಂದರೆ ತಡೆಯುವ ಶಕ್ತಿಯೇ ಇಲ್ಲ. ಮೈ ಉರಿದು ಗಾಯವಾಗಿ ಕೂರಲೂ ಆಗದು, ನಿಲ್ಲಲೂ ಆಗದು. ನಮ್ಮ ವಠಾರದಲ್ಲಿ ನಾಲ್ಕು ಮನೆಗೆ ಸೇರಿ ಒಂದೇ ಪಾಯಖಾನೆ. ಒಳಗೆ ಯಾರಾದರೂ ಇದ್ದರೆ ನಾನು ಹೊರಗೆ ಗೋಡೆ ಹಿಡಿದು ನಿಂತು ಅಲ್ಲಾಹನನ್ನು ಕರೆಯುತ್ತಿದ್ದೆ. ಎಷ್ಟೋ ಸಲ ಅವರು ಹೊರಗೆ ಬರುವುದರೊಳಗೆ ಎಲ್ಲ ಮುಗಿದಿರುತ್ತಿತ್ತು.

ಆಸ್ಪತ್ರೆಯಲ್ಲಿ ಕೇಳಿದರೆ, "ಶುರುವಿಗೆ ಹಾಗೇ, ಸರಿಹೋಗುತ್ತದೆ" ಅಂದರು. ನಾನೂ ಮತ್ತೆ ಕೇಳಲಿಲ್ಲ. ಕ್ಯಾನ್ಸರ್ ಹೋಗಿದೆ ಎಂದವರ ಮುಂದೆ ಚಡ್ಡಿ ಒದ್ದೆಯಾಗುತ್ತದೆ ಎಂದು ಅಳುವುದು ಹೇಗೆ?

ಮೂರು ತಿಂಗಳಿಗೆ ಬಸ್ಸು ಹತ್ತಿದೆ. ಹಿಂದಿನ ಮಧ್ಯಾಹ್ನದಿಂದ ಏನೂ ತಿನ್ನದೆ, ಹಳೇ ಲುಂಗಿ ಮಡಚಿ ಪ್ಯಾಂಟಿನೊಳಗೆ ಇಟ್ಟುಕೊಂಡು ಹತ್ತಿದೆ. ನಾಲ್ಕು ದಿನ ಹೇಗೋ ನಡೆಯಿತು. ಐದನೇ ದಿನ ದಾಬೋಳಿಯ ಹತ್ತಿರ ಲಾರಿಯೊಂದು ಅಡ್ಡ ನಿಂತು ರಸ್ತೆ ಕಟ್ಟಿತು. ಮುಂದೆ ಹೋಗಲು ದಾರಿಯಿಲ್ಲ, ಹಿಂದೆ ಬರಲೂ ದಾರಿಯಿಲ್ಲ. ನನ್ನ ಹಿಂದೆ ನಲವತ್ತು ಮಂದಿ, ಮುಂದಿನ ಸೀಟುಗಳಲ್ಲಿ ಪ್ಯಾಕಿಂಗಿನ ಹೆಣ್ಣುಮಕ್ಕಳು. ಹೊಟ್ಟೆ ಹಿಂಡಿತು. ಸ್ಟೇರಿಂಗ್ ಗಟ್ಟಿಯಾಗಿ ಹಿಡಿದೆ. ಬಾಗಿಲು ತೆರೆದು ಇಳಿಯಬೇಕೆಂದು ಎದ್ದೆ, ಎದ್ದದ್ದೇ ತಪ್ಪಾಯಿತು.

ಮತ್ತೆ ಕೂತೆ. ಬೇರೆ ಏನು ಮಾಡುವುದು? ಯಾರೂ ನಗಲಿಲ್ಲ. ಮುಂದಿನ ಸೀಟಿನ ಹೆಣ್ಣುಮಗಳೊಬ್ಬಳು ಮೆಲ್ಲಗೆ ಕಿಟಕಿ ಸರಿಸಿದಳು. ಆಮೇಲೆ ಅವಳ ಹಿಂದಿನವಳು. ಆಮೇಲೆ ಒಂದೊಂದಾಗಿ ಎಲ್ಲ ಕಿಟಕಿಗಳೂ ಸರಿದ ಸದ್ದು ಕೇಳಿತು. ಅವರು ಬೈದಿದ್ದರೆ ಚಲೋ ಇತ್ತು. ರಸ್ತೆ ಬಿಟ್ಟ ಮೇಲೆ ಗೇಟಿಗೆ ಮುಟ್ಟಿಸಿದೆ. ಎಲ್ಲರೂ ನನ್ನ ಕಡೆ ನೋಡದೆ ಇಳಿದು ಹೋದರು. ನೀರು ಹೊಡೆದು ಸೀಟು ತೊಳೆದು, ಆ ಸಂಜೆಯೇ ಮಾಲೀಕರಿಗೆ ಕೀಲಿ ಕೊಟ್ಟು ಬಂದೆ. ಕಾರಣ ಕೇಳಿದರು. ಬೆನ್ನು ನೋವು ಅಂದೆ.

ಅಲ್ಲಿಂದ ಮನೆ ಹಿಡಿದೆ. ಬೀಬಿಜಾನ ವಾಸ್ಕೊದಲ್ಲಿ ಎರಡು ಮನೆಗಳಲ್ಲಿ ಅಡುಗೆಗೆ ಹೋಗತೊಡಗಿದಳು. ನಾನು ಬಾಗಿಲ ಬಳಿ ಚಾಪೆ ಹಾಕಿಕೊಂಡು, ಪಾಯಖಾನೆ ಖಾಲಿ ಇದೆಯೋ ಇಲ್ಲವೋ ನೋಡುತ್ತ ಮಲಗಿರುತ್ತಿದ್ದೆ. ಮಸೀದಿ ಬಿಟ್ಟೆ. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆದು ವಜೂ ಮಾಡಿ ಏಳುವಷ್ಟರಲ್ಲಿ ಆ ವಜೂ ಮುರಿಯುತ್ತಿತ್ತು. ಮೈಲಿಗೆ ಮೈಯಲ್ಲಿ ಸಾಲಿನಲ್ಲಿ ಹೇಗೆ ನಿಲ್ಲಲಿ? ಗೆಳೆಯರು ಬಂದರೆ ನಿದ್ದೆ ಬಂದವನಂತೆ ಗೋಡೆ ಕಡೆ ಮುಖ ಮಾಡುತ್ತಿದ್ದೆ. ಮಗಳು ರಿಜ್ವಾನಾ ಹತ್ತನೇ ಇಯತ್ತೆಯಲ್ಲಿದ್ದಳು. ಮನೆಗೆ ಗೆಳತಿಯರನ್ನು ಕರೆಯುವುದನ್ನು ನಿಲ್ಲಿಸಿದಳು. ಹಾಗೆ ಮಾಡಲು ಯಾರೂ ಅವಳಿಗೆ ಹೇಳಿರಲಿಲ್ಲ.

ಆ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು.

ಅಣ್ಣನ ಫೋನು ಬಂದಾಗ ಮುಂಜಾನೆ ಏಳು ಗಂಟೆ. ಅವ್ವ ಅವನ ಹತ್ತಿರವೇ ಇದ್ದಳು. ಚಹಾ ಕುಡಿದು ಹಾಗೇ ಒರಗಿದವಳು ಏಳಲಿಲ್ಲವಂತೆ. "ನೀ ಬರೂ ತನಕ ಇಡ್ತೀವಿ, ಲಗೂನ ಬಾ" ಅಂದ. ಬಾಡಿಗೆ ಗಾಡಿ ಮಾಡಿಕೊಂಡು ಹೊರಟೆವು. ನೀರು ಕೂಡ ಮುಟ್ಟಲಿಲ್ಲ ನಾನು. ಆದರೂ ಅನಮೋಡ ಘಾಟಿನಲ್ಲಿ ಮೂರು ಸಲ, ಬೆಳಗಾವಿ ದಾಟುವುದರೊಳಗೆ ಮತ್ತೆ ನಾಲ್ಕು ಸಲ ಗಾಡಿ ನಿಲ್ಲಿಸಬೇಕಾಯಿತು. ಬೀಬಿಜಾನ ಸೀರೆಯ ಸೆರಗು ಅಡ್ಡ ಹಿಡಿದು ರಸ್ತೆಯ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ತಾಯಿಯ ಮಣ್ಣಿಗೆ ಹೊರಟವನು ನಾನು ದಾರಿಯುದ್ದಕ್ಕೂ ಅವ್ವನನ್ನು ನೆನೆಯಲಿಲ್ಲ. ಮುಂದಿನ ಗಿಡದ ಮರೆ ಎಲ್ಲಿ ಬರುತ್ತದೆ ಎಂದೇ ನೋಡುತ್ತಿದ್ದೆ.

ಊರು ಮುಟ್ಟಿದಾಗ ಸಂಜೆ. ಮಂದಿಯೆಲ್ಲ ನನಗಾಗಿ ಕಾದು ನಿಂತಿದ್ದರು. ಸ್ನಾನ ಮಾಡಿ, ಬಟ್ಟೆ ಬದಲಿಸಿ, ವಜೂ ಮಾಡಿ ಜನಾಜಾ ನಮಾಜಿಗೆ ಬಂದೆ. ಅಣ್ಣ ಮೊದಲ ಸಾಲಿನಲ್ಲಿ ತನ್ನ ಪಕ್ಕ ಜಾಗ ಬಿಟ್ಟಿದ್ದ. ಸಾಲು ಕಟ್ಟುತ್ತಿದ್ದ ಹಾಗೇ ನನಗೆ ಗೊತ್ತಾಯಿತು, ವಜೂ ಮುರಿಯಿತು ಎಂದು. ಹಿಂದೆ ಸರಿದೆ. ಸಾಲಿನಿಂದ ಹೊರಗೆ ಬಂದು ಬೇವಿನ ಗಿಡದ ಹತ್ತಿರ ನಿಂತೆ. ಅಣ್ಣ ಒಮ್ಮೆ ಹಿಂದಿರುಗಿ ನೋಡಿದ. ಅವನ ಪಕ್ಕದ ಜಾಗದಲ್ಲಿ ಯಾರೋ ದೂರದ ನೆಂಟ ಬಂದು ನಿಂತ.

ನಿಂತೇ ಮಾಡುವ ನಮಾಜು ಅದು, ನಾಲ್ಕು ತಕ್ಬೀರು, ಅಂದರೆ ನಾಲ್ಕು ಸಲ ಅಲ್ಲಾಹು ಅಕ್ಬರ್. ಕೆಲವೇ ನಿಮಿಷ. ಅಷ್ಟು ಹೊತ್ತೂ ನನ್ನಿಂದ ಆಗಲಿಲ್ಲ. ಗೋರಿಗೆ ಇಳಿಸುವಾಗಲೂ ಕೈ ಹಚ್ಚಲಿಲ್ಲ. ಎಲ್ಲರೂ ಸರಿದ ಮೇಲೆ ಹೋಗಿ ಮೂರು ಹಿಡಿ ಮಣ್ಣು ಹಾಕಿದೆ. "ಗೋವಾಕ್ಕ ಹ್ವಾದ ಮ್ಯಾಲೆ ತಾಯಿ ಮ್ಯಾಲಿನ ಮಾಯಾನೂ ಹೋತು" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅಣ್ಣ ಒಂದು ವಾರ ಫೋನು ಮಾಡಲಿಲ್ಲ. ನಾನೂ ಕಾರಣ ಹೇಳಲಿಲ್ಲ.

ಅಲ್ಲಿಂದ ಬಂದ ಮೇಲೆ ಊಟ ಬಿಟ್ಟೆ. ತಿಂದರಲ್ಲವೇ ಹೋಗಬೇಕಾದದ್ದು? ದಿನಕ್ಕೆ ಎರಡು ಬಿಸ್ಕೀಟು, ಒಂದು ಲೋಟ ಚಹಾ. ಎರಡು ತಿಂಗಳಲ್ಲಿ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಒಂದು ಮಾತು ಮುಚ್ಚಿಡದೆ ಹೇಳಬೇಕೆಂದರೆ, ಗಡ್ಡೆ ಇದ್ದಾಗಲೇ ಹೋಗಿದ್ದರೆ ಚಲೋ ಇತ್ತು ಅನ್ನಿಸುತ್ತಿತ್ತು. ಆಗ ಎಲ್ಲರೂ ನನ್ನ ಪಕ್ಕ ಕೂರುತ್ತಿದ್ದರು.

ತಪಾಸಣೆಯ ದಿನ ಬೀಬಿಜಾನ ಕೆಲಸ ಬಿಟ್ಟು ನನ್ನ ಜೊತೆ ಬಂದಳು. ಡಾಕ್ಟರು ಸ್ಕ್ಯಾನಿನ ಕಾಗದ ನೋಡಿ, "ಎಲ್ಲ ಸರಿಯಿದೆ. ಆರಾಮಾ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಆರಾಮ ಎಂದು ಗೋಣು ಹಾಕಿದೆ. ಎದ್ದೆ. ಬೀಬಿಜಾನ ಏಳಲಿಲ್ಲ.

"ಆರಾಮ ಇಲ್ಲರಿ" ಅಂದಳು ಕನ್ನಡದಲ್ಲೇ. ಆಮೇಲೆ ತನಗೆ ಬರುವ ಹರಕು ಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು. ಎಷ್ಟು ಸಲ, ಎಲ್ಲೆಲ್ಲಿ, ಬಸ್ಸಿನಲ್ಲಿ ಏನಾಯಿತು, ಊರಲ್ಲಿ ಏನಾಯಿತು. ಬಸ್ಸಿನ ವಿಷಯ ಅವಳಿಗೆ ಗೊತ್ತಿತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ. ನಾನು ನೆಲ ನೋಡುತ್ತ ನಿಂತಿದ್ದೆ. ಹೊರಗೆ ಕರೆದೊಯ್ದು ಎರಡು ಬಿಗಿಯಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ಜೀವನದಲ್ಲಿ ಒಮ್ಮೆಯೂ ಅವಳ ಮೇಲೆ ಕೈ ಎತ್ತಿದವನಲ್ಲ ನಾನು. ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಒಂದು ಚೀಟಿ ಬರೆದರು. "ಗುರುವಾರ ಬನ್ನಿ. ಇದಕ್ಕೆ ನನಗಿಂತ ಸಿಸ್ಟರ್ ಫಿಲೊಮಿನಾ ಬೇಕು."

ನರ್ಸ್ ಏನು ಮಾಡುತ್ತಾಳೆ ಎಂದುಕೊಂಡೇ ಹೋದೆ. ಉದ್ದನೆಯ ಓಣಿಯಂಥ ವರಾಂಡದ ಕೊನೆಗೆ, ಹಾಸಿಗೆ ಬಟ್ಟೆ ಇಡುವ ಕೋಣೆಯ ಪಕ್ಕ ಒಂದು ಸಣ್ಣ ಕೋಣೆ. ಹೊರಗೆ ಒಂದು ಬೆಂಚು. ಗುರುವಾರ ಮಧ್ಯಾಹ್ನ ಮಾತ್ರ ತೆರೆಯುತ್ತಿತ್ತು. ಕರುಳಿನ ಆಪರೇಷನ್ ಆದವರಿಗೆ, ಮಲ ಹಿಡಿತದಲ್ಲಿ ಇಲ್ಲದವರಿಗೆ ಅಂತಲೇ ಇದ್ದ ಕೋಣೆ. ಡಾಕ್ಟರು ಯಾರೂ ಕೂರುತ್ತಿರಲಿಲ್ಲ. ಸಿಸ್ಟರ್ ಒಬ್ಬಳೇ.

ಐವತ್ತು ದಾಟಿದ, ಗಿಡ್ಡನೆಯ, ಕಾಲು ಎಳೆದು ನಡೆಯುವ ಹೆಂಗಸು. ಕೊಂಕಣಿ ಮನೆಮಾತು. ವಾರ್ಡಿನಲ್ಲಿ ನಮ್ಮ ಮಂದಿಯ ಜೊತೆ ವರ್ಷಗಟ್ಟಲೆ ಇದ್ದು ಕಲಿತ ಕನ್ನಡವೂ ಇತ್ತು. ನನ್ನ ಹೆಸರು ಕೇಳುವ ಮೊದಲು ಕೋಣೆಯ ಬದಿಯ ಬಾಗಿಲು ತೆರೆದು ತೋರಿಸಿದಳು. ಪಾಯಖಾನೆ. ಚಿಲಕ ಸರಿಯಿತ್ತು, ಬಕೆಟ್ಟಿನ ತುಂಬ ನೀರಿತ್ತು, ಗೂಟಕ್ಕೆ ತೊಳೆದ ಟವೆಲ್ ಇತ್ತು.

"ಮೊದಲ ಇದು ನೋಡಿ ಇಡು. ಮಾತಿನ ನಡುವ ಎದ್ದು ಹೋಗು. ಕೇಳೂದು ಬ್ಯಾಡ. ಭಿಯೆನಾಕಾ."

ಹೆದರಬೇಡ ಅಂದಳು. ಒಂದು ವರ್ಷದಲ್ಲಿ ನನ್ನ ಹೆದರಿಕೆ ಏನು ಎಂದು ತಿಳಿದು ಮಾತಾಡಿದ ಮೊದಲ ವ್ಯಕ್ತಿ ಅವಳು.

ಆಮೇಲೆ ಪ್ರಶ್ನೆಗಳು. ದಿನಕ್ಕೆ ಎಷ್ಟು ಸಲ? ಒಮ್ಮೆ ಹೋದರೆ ಎಷ್ಟು ಸಲ ಮತ್ತೆ? ಗಾಳಿ ಬೇರೆ, ಮಲ ಬೇರೆ ಅಂತ ತಿಳಿಯುತ್ತದೆಯೇ? ಗಾಯ ಎಲ್ಲಿ? ಹೆಂಡತಿಯ ಜೊತೆ ಮಲಗುತ್ತೀಯಾ? ಮಸೀದಿಗೆ ಹೋಗುತ್ತೀಯಾ? ಹಾಲು ತಂದಿರಾ ಎಂದು ಕೇಳುವ ದನಿಯಲ್ಲೇ ಕೇಳಿದಳು. ಆ ದನಿಗೇ ನನಗೆ ಉತ್ತರ ಹೇಳಲು ಬಂತು. ನಡುವೆ ಎರಡು ಸಲ ಎದ್ದು ಹೋಗಿ ಬಂದೆ. ಬಂದಾಗ ಅವಳು ಬೀಬಿಜಾನಳ ಜೊತೆ ಮೀನಿನ ಬಗ್ಗೆ ಮಾತಾಡುತ್ತಿದ್ದಳು.

"ನಿನ್ನ ತಪ್ಪು ಏನೂ ಇಲ್ಲ" ಅಂದಳು ಕೊನೆಗೆ. "ನೀ ಡ್ರೈವರ್ ಅಲ್ಲ? ಕೇಳು. ಮೊದಲ ಅಲ್ಲಿ ಒಂದು ಬಸ್ ಸ್ಟ್ಯಾಂಡ್ ಇತ್ತು. ಬಂದ ಗಾಡಿ ನಿಲ್ಲತಿತ್ತು, ನೀ ಬಿಟ್ಟಾಗ ಹೋಗತಿತ್ತು. ಗಡ್ಡಿ ಜೊತಿ ಡಾಕ್ಟರ್ ಆ ಸ್ಟ್ಯಾಂಡ್ ತೆಗೆದಾರ. ಈಗ ಬರೇ ರಸ್ತಾ. ಬಂದ ಗಾಡಿ ನಿಲ್ಲಾಕ ಜಾಗಾ ಎಲ್ಲಿ?"

"ಮತ್ತ ಸ್ಟ್ಯಾಂಡ್ ಆಗೂದಿಲ್ಲೇನ್ರಿ?"

ಅವಳು ಸುಳ್ಳು ಹೇಳಲಿಲ್ಲ. "ಇಲ್ಲ. ಸ್ವಲ್ಪ ಹಿಗ್ಗತದ. ಮೊದಲಿನಂಗ ಆಗೂದಿಲ್ಲ. ಆದ್ರ ಗಾಡಿ ಯಾವಾಗ ಬರಬೇಕು ಅನ್ನೂದು ನಾವು ಹೇಳಬಹುದು."

ಆ ದಿನ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದೆ. ಮೊದಲಿನ ಹಾಗೆ ಆಗುವುದಿಲ್ಲ ಎಂದು ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಮೂರನೇ ದಿನ ಸಿಸ್ಟರ್ ಕೊಟ್ಟ ನೋಟಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ: ಏನು ತಿಂದೆ, ಯಾವಾಗ ತಿಂದೆ, ಯಾವಾಗ ಹೋದೆ.

ಗುರುವಾರದಿಂದ ಗುರುವಾರಕ್ಕೆ ಒಂದೊಂದು ಬದಲಾವಣೆ. ಖಾರ, ಹಾಲಿನ ಚಹಾ, ಹಸಿ ಉಳ್ಳಾಗಡ್ಡಿ ಬಿಡಿಸಿದಳು. ಜೋಳದ ರೊಟ್ಟಿ ಕೂಡ ಕೆಲವು ತಿಂಗಳು ಬೇಡ ಅಂದಾಗ ಅವಳ ಮೇಲೆ ಬೇಸರವಾಯಿತು. ಗಂಜಿ, ಮೆತ್ತಗಿನ ಅನ್ನ, ಬಾಳೆಹಣ್ಣು. ಸ್ವಲ್ಪವೇ ನೀರಿನಲ್ಲಿ ಇಸಬ್ಗೋಲ್. ಊಟಕ್ಕೆ ಅರ್ಧ ಗಂಟೆ ಮೊದಲು ಭೇದಿ ಕಟ್ಟುವ ಗುಳಿಗೆ, ಅದೂ ಡಾಕ್ಟರನ್ನು ಕೇಳಿ ಅವಳು ಹೇಳಿದಷ್ಟೇ. ಗಾಯಕ್ಕೆ ಮುಲಾಮು. ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ಕಸರತ್ತು. ಹದಿನೇಳು ಇದ್ದದ್ದು ಹತ್ತಕ್ಕೆ ಬಂತು. ಅಲ್ಲಿಗೆ ನಿಂತಿತು. ಹತ್ತು ಅಂದರೂ ಬದುಕಲ್ಲ ಅದು.

ಆಗ ಅವಳು ನೀರಿನ ದಾರಿ ಹೇಳಿದಳು. ಡಾಕ್ಟರಿಂದ ಹೊಲಿಗೆ ಪರೀಕ್ಷೆ ಮಾಡಿಸಿ, ತನ್ನ ಮುಂದೆಯೇ ಎರಡು ಸಲ ಮಾಡಿಸಿ ಕಲಿಸಿದಳು. ಒಂದು ಚೀಲದಲ್ಲಿ ಉಗುರುಬೆಚ್ಚಗಿನ ನೀರು, ಅದಕ್ಕೆ ನಳಿಕೆ. ಕೆಳಗಿನಿಂದ ನೀರು ಬಿಟ್ಟು ಕರುಳನ್ನು ತೊಳೆದು ಖಾಲಿ ಮಾಡುವುದು. ಒಮ್ಮೆ ಚೆನ್ನಾಗಿ ಖಾಲಿಯಾದರೆ ಅರ್ಧ ದಿನ, ಕೆಲವರಿಗೆ ಇಡೀ ದಿನ ನೆಮ್ಮದಿ. ಆದರೆ ದಿನಾ ಮಾಡಬೇಕು, ಮುಕ್ಕಾಲು ಗಂಟೆ ಬೇಕು.

ನಾಲ್ಕು ಮನೆಗೆ ಒಂದು ಪಾಯಖಾನೆ ಇರುವಲ್ಲಿ ಮುಕ್ಕಾಲು ಗಂಟೆ!

ಮೊದಲ ದಿನ ಹತ್ತು ನಿಮಿಷಕ್ಕೆ ಪಕ್ಕದ ಮನೆಯ ಶಾಂತವ್ವ ಬಾಗಿಲು ಬಡಿದಳು. ಇಳಕಲ್ ಕಡೆಯವಳು, ಬೋಗ್ಮಾಳೊ ಬೀಚಿನಲ್ಲಿ ಮಣಿಸರ ಮಾರುವವಳು, ಬಾಯಿ ದೊಡ್ಡದು. "ಒಳಗ ಯಾರ ಮನಿ ಕಟ್ಟಾಕತ್ತೇರಿ?" ಎಂದು ಕೂಗಿದಳು. ನಾನು ಗಡಬಡಿಸಿ ಎದ್ದೆ, ನೀರಿನ ಚೀಲ ಕೈಜಾರಿತು, ಎಲ್ಲ ಮೈಮೇಲೆ. ಎರಡನೇ ದಿನವೂ ಹಾಗೇ. ಮೂರನೇ ದಿನ ಮಾಡುವುದಿಲ್ಲ ಎಂದು ಕೂತೆ.

ಬೀಬಿಜಾನ ನನ್ನನ್ನು ಕೇಳದೆ ಶಾಂತವ್ವನ ಮನೆಗೆ ಹೋದಳು. ಮಧ್ಯದ ಗೋಡೆ ತೆಳುವು. ಅವಳು ಹೇಳಿದ ಪ್ರತಿ ಮಾತೂ ನನಗೆ ಕೇಳಿಸಿತು. ಈ ಸಲ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಆಮೇಲೆ ಶಾಂತವ್ವ ಅಂದಳು, "ವರ್ಷಾತು ನಾ ಬೈಯಾಕತ್ತಿ. ಒಂದ ಮಾತು ಹೇಳಬಾರದೇನವಾ ಬೀಬಿ?"

ಉಳಿದ ಎರಡು ಮನೆಯವರಿಗೆ ಶಾಂತವ್ವನೇ ಹೇಳಿದಳು. ಒಂಬತ್ತು ಗಂಟೆಗೆ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ. ಒಂಬತ್ತರಿಂದ ಹತ್ತು ಹುಸೇನಣ್ಣನ ವೇಳೆ ಎಂದು ನಿಗದಿಯಾಯಿತು. ಮರುದಿನ ಒಳಗೆ ಹೋದರೆ ನೀರಿನ ಚೀಲ ತೂಗುಹಾಕಲು ಗೋಡೆಗೆ ಒಂದು ಮೊಳೆ ಹೊಡೆದಿತ್ತು. ಶಾಂತವ್ವನ ಗಂಡ ಹೊಡೆದದ್ದು. ನನಗೆ ಆ ಮೊಳೆ ನೋಡಿ ಅಳು ಬಂತು, ಅದೂ ಅಂಥ ಜಾಗದಲ್ಲಿ.

ಬೀಬಿಜಾನ ಆ ಹೊತ್ತು ಹೊರಗೆ ನಿಂತಿರುತ್ತಿದ್ದಳು. ಯಾರಾದರೂ ಹೊಸಬರು ಬಂದರೆ ಹೇಳಿ ಕಳಿಸಲು. ಆಮೇಲೆ ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ಎರಡು ತಿಂಗಳಲ್ಲಿ ದಿನಕ್ಕೆ ಮೂರು, ನಾಲ್ಕಕ್ಕೆ ಬಂತು. ಸಿಸ್ಟರ್ ಮತ್ತೆ ಕೇಳಿದಳು, "ಮಸೀದಿ?" ನಾನು ತಲೆ ಅಲ್ಲಾಡಿಸಿದೆ. "ನಿಮ್ಮ ದೊಡ್ಡವರನ್ನ ಕೇಳಿದೆಯಾ? ನನಗ ಗೊತ್ತಿಲ್ಲ, ಆದ್ರ ಕೇಳದ ಬಿಡಬ್ಯಾಡ."

ನಮ್ಮ ಮಸೀದಿಯಲ್ಲಿ ಕುರಾನ್ ಪೂರ್ತಿ ಬಾಯಿಪಾಠವಿದ್ದ ಒಬ್ಬರು ಮುದಿ ಹಾಫಿಜರು. ಇಳಿಹೊತ್ತಿನ ಅಸರ್ ನಮಾಜು ಮುಗಿದು ಎಲ್ಲರೂ ಹೋದ ಮೇಲೆ ಮೆಟ್ಟಿಲ ಮೇಲೆ ಅವರ ಪಕ್ಕ ಕೂತು ಹೇಳಿದೆ. "ತಡೆಯಲಾಗದ ರೋಗ ಇದ್ದವನು ಪ್ರತಿ ನಮಾಜಿನ ವೇಳೆಗೆ ಒಮ್ಮೆ ವಜೂ ಮಾಡಿದರೆ ಆಯಿತು. ಆಮೇಲೆ ರೋಗದಿಂದ ಏನೇ ಆದರೂ ಆ ವೇಳೆ ಮುಗಿಯುವ ತನಕ ಅವನ ನಮಾಜು ನಮಾಜೇ" ಅಂದರು. "ಈ ದಾರಿ ಮೊದಲಿಂದಲೂ ಇದೆ ಮಗಾ. ನೀನು ಕೇಳಲಿಲ್ಲ ಅಷ್ಟೇ."

ಖುಷಿಯಾಗಬೇಕಿತ್ತು. ನನಗೆ ಊರಿನ ಆ ಬೇವಿನ ಗಿಡ ಕಣ್ಣ ಮುಂದೆ ಬಂತು. ಆ ಸಂಜೆ ನಾನು ಸಾಲಿನಲ್ಲಿ ನಿಲ್ಲಬಹುದಿತ್ತು. ಅಣ್ಣನ ಪಕ್ಕದ ಜಾಗ ನನ್ನದೇ ಆಗಿತ್ತು. ಬಾಯಿ ಬಿಟ್ಟು ಒಬ್ಬರನ್ನು ಕೇಳಿದ್ದರೆ ಸಾಕಿತ್ತು. ಅಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವನು "ಹುಚ್ಚ ಅದಿ ನೀ" ಎಂದು ಫೋನು ಇಟ್ಟ. ಅಳುತ್ತಿದ್ದ ಅನ್ನಿಸುತ್ತದೆ. ಆದರೆ ಅವ್ವನ ನಮಾಜು ಮತ್ತೆ ಬರುವುದಿಲ್ಲ. ಇದಕ್ಕೆ ಯಾವ ಗುರುವಾರದಲ್ಲೂ ಔಷಧಿ ಇಲ್ಲ.

ಸಿಸ್ಟರಿನ ಬೆಂಚಿನ ಮೇಲೆ ನನಗೆ ಒಬ್ಬ ಗೆಳೆಯ ಸಿಕ್ಕಿದ್ದ. ಈರಣ್ಣ. ಗದಗ ಕಡೆಯವನು, ಮ್ಹಾಪಸಾ ಮಾರ್ಕೆಟ್ಟಿನಲ್ಲಿ ಒಣ ಮೆಣಸಿನಕಾಯಿ ವ್ಯಾಪಾರ. ನನ್ನದೇ ರೋಗ, ನನ್ನದೇ ಆಪರೇಷನ್. ಹೆಂಡತಿ ಗಂಗವ್ವನ ಜೊತೆ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ನಾನು ಪಿಸುಗುಟ್ಟುವುದನ್ನು ಅವನು ವರಾಂಡಕ್ಕೆಲ್ಲ ಕೇಳುವ ಹಾಗೆ ಹೇಳುತ್ತಿದ್ದ. "ಇವತ್ತ ಎಷ್ಟೋ ಹುಸೇನಸಾಬಾ? ನಂದು ಐದು!" ಎಂದು ಸಂತೆಯ ದನಿಯಲ್ಲಿ ಕೇಳುತ್ತಿದ್ದ. "ಮೂವತ್ತು ವರ್ಷ ಮಂದಿಗೆ ಖಾರ ಮಾರೀನಿ. ಈಗ ನಾ ಒಂದು ಬೀಜ ತಿಂದ್ರ ಇಡೀ ಮಾರ್ಕೆಟ್ಟಿಗೆ ಗೊತ್ತಾಗ್ತದ" ಎಂದು ನಗುತ್ತಿದ್ದ. ಗಂಗವ್ವ ಮಾತು ಕಡಿಮೆ. ಒಂದು ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳು. ಅದರಲ್ಲಿ ಅವನ ಬದಲಿ ಬಟ್ಟೆ ಎಂದು ನಮಗೆಲ್ಲ ಗೊತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಈರಣ್ಣ ಎರಡು ಗುರುವಾರ ಬರಲಿಲ್ಲ. ಮೂರನೇ ಗುರುವಾರ ಸಿಸ್ಟರ್ ಹೇಳಿದಳು, ಅವನ ಲಿವರಿನಲ್ಲಿ ಗಡ್ಡೆ ಕಾಣಿಸಿದೆ ಎಂದು. ಹೇಳುವಾಗ ನನ್ನ ನೋಟಬುಕ್ಕನ್ನೇ ನೋಡುತ್ತಿದ್ದಳು. ನಾನು ಅವನಿಗೆ ಫೋನು ಮಾಡಬೇಕೆಂದುಕೊಂಡೆ. ಏನು ಮಾತಾಡುವುದು ಎಂದು ತಿಳಿಯದೆ ಮಾಡಲಿಲ್ಲ. ನನ್ನ ಸ್ಕ್ಯಾನು ಬರುವ ತಿಂಗಳಿತ್ತು. ಅವನ ದನಿ ಕೇಳಲು ನನಗೆ ಹೆದರಿಕೆಯಾಗಿತ್ತು ಎನ್ನುವುದೇ ಖರೇ.

ನನ್ನ ಸ್ಕ್ಯಾನು ಸರಿಯಾಗಿ ಬಂತು. ಹಳೇ ಮಾಲೀಕರ ಹತ್ತಿರ ಹೋಗಿ, ಬೆನ್ನು ನೋವಲ್ಲ ಎಂದು ಹೇಳಿದೆ. ಬಸ್ಸು ಕೇಳಲಿಲ್ಲ. ಕೇಳಿದರೂ ಕೊಡುತ್ತಿರಲಿಲ್ಲ. ವೆರ್ಣಾದಲ್ಲಿ ಅವರ ಗಾಡಿಗಳು ನಿಲ್ಲುವ ಜಾಗದಲ್ಲಿ, ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಟೈರು ಹೇಗಿದೆ ಎಂದು ನೋಡಿ ಬರೆಯುವ ಕೆಲಸ ಕೊಟ್ಟರು. ಪಾಯಖಾನೆ ಹತ್ತಿರವೇ ಇದೆ. ಹನ್ನೊಂದಕ್ಕೆ ಕೆಲಸಕ್ಕೆ ಹೋಗುತ್ತೇನೆ. ಈಗಲೂ ವಾರಕ್ಕೆ ಒಂದು ದಿನ ಎಲ್ಲ ಕೆಡುತ್ತದೆ, ಯಾಕೆ ಎಂದು ಸಿಸ್ಟರಿಗೂ ಗೊತ್ತಾಗುವುದಿಲ್ಲ. ಮದುವೆಗಳಿಗೆ ಹೋಗುವುದಿಲ್ಲ. ಬೇರೆಯವರು ಓಡಿಸಿಕೊಂಡು ಬಂದ ನನ್ನ ಹಳೇ ಬಸ್ಸು ಎದುರಿಗೆ ಬಂದು ನಿಂತಾಗ ಅದರ ಹೊರಡುವ ವೇಳೆ ಬರೆದು ಕಳಿಸುತ್ತೇನೆ.

ಹೋದ ತಿಂಗಳ ಒಂದು ಗುರುವಾರ ಬೆಂಚಿನ ಮೇಲೆ ಕೂತಿದ್ದೆ. ವರಾಂಡದ ಆ ತುದಿಯಿಂದ ಗಂಗವ್ವ ಬಂದಳು. ಒಬ್ಬಳೇ. ಕೊರಳು, ಕೈ ಬರಿದಾಗಿದ್ದವು. ನಾನು ಎದ್ದು ನಿಂತೆ.

"ಹನ್ನೆರಡು ದಿನಾತ್ರಿ" ಅಂದಳು. ಪಕ್ಕ ಕೂತು ತೊಡೆಯ ಮೇಲಿನ ಚೀಲ ಬಿಚ್ಚಿದಳು. ಚಡ್ಡಿಯೊಳಗೆ ಇಟ್ಟುಕೊಳ್ಳುವ ಪ್ಯಾಡಿನ, ಇನ್ನೂ ಒಡೆಯದ ನಾಲ್ಕು ಪೊಟ್ಟಣ. "ಇವು ಉಳದಾವು. ಮನಿಯಾಗ ಇಟ್ಟು ಏನ್ ಮಾಡ್ಲಿ? ನಿಮ್ಮ ಅಳತೀನೂ ಇದ ಅಂತಿದ್ರು. ತಪ್ಪು ತಿಳಕೋಬ್ಯಾಡ್ರಿ."

"ಇಲ್ಲಬೇ ಯವ್ವಾ, ಕೊಡ್ರಿ" ಅಂದೆ. ತೆಗೆದುಕೊಂಡೆ. ಫೋನು ಮಾಡಲಿಲ್ಲ ಎಂದು ಹೇಳಿಕೊಳ್ಳಲು ಬಾಯಿ ತೆರೆದೆ. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ, ಹೇಳುವ ಸ್ಥಿತಿಯಲ್ಲಿದ್ದಳು. ಪೊಟ್ಟಣ ಕೊಟ್ಟ ಮೇಲೂ ಏಳಲಿಲ್ಲ. ಬಸ್ಸಿಗೆ ಇನ್ನೂ ವೇಳೆ ಐತಿ ಅಂದಳು. ಆಮೇಲೆ ಮೆಲ್ಲಗೆ ಹೇಳತೊಡಗಿದಳು. ದಿನಕ್ಕೆ ಎಷ್ಟು ಸಲ ಅವನ ಬಟ್ಟೆ ಒಗೆಯುತ್ತಿದ್ದಳು. ಒಣಹಾಕುವಾಗ ನೆರೆಯವರಿಗೆ ಕಾಣದ ಹಾಗೆ ಸೀರೆಯ ಕೆಳಗೆ ಹೇಗೆ ಹಾಕುತ್ತಿದ್ದಳು. ಕೈಗೆ ಎಷ್ಟು ಸಾಬೂನು ಹಚ್ಚಿದರೂ ರೊಟ್ಟಿ ತಟ್ಟುವಾಗ ವಾಸನೆ ಬಂದಂತಾಗಿ, ಅವಳೇ ಊಟ ಬಿಟ್ಟು ಏಳುತ್ತಿದ್ದಳು. "ಮಣ್ಣಿಗೆ ಬಂದವರು ಎಲ್ಲಾರೂ ಅಂದ್ರು, ಭಾಳ ನಗಿಸತಿದ್ದ ಮನಶ್ಯಾ ಅಂತ. ಹೌದು, ನಗಿಸತಿದ್ರು. ಇದನ್ನೆಲ್ಲಾ ಅಲ್ಲಿ ಯಾರ ಮುಂದ ಹೇಳ್ಲಿ? ಅದಕ್ಕ ಇಲ್ಲಿ ಬಂದ್ನಿ."

ಸಿಸ್ಟರ್ ಬಾಗಿಲಿಗೆ ಬಂದು ನನ್ನ ಹೆಸರು ಕರೆಯಲು ಬಾಯಿ ತೆರೆದವಳು ಗಂಗವ್ವನನ್ನು ನೋಡಿದಳು. ನನ್ನನ್ನು ಬಿಟ್ಟು ಅವಳನ್ನು ಒಳಗೆ ಕರೆದಳು. ಬಾಗಿಲು ಮುಚ್ಚಿತು. ಅವಳಿಗೆ ಯಾವ ರೋಗವೂ ಇರಲಿಲ್ಲ. ಅರ್ಧ ಗಂಟೆ ಒಳಗಿದ್ದಳು.

ಸಂಜೆ ಮನೆಗೆ ಬಂದು ಪೊಟ್ಟಣಗಳನ್ನು ಬೀಬಿಜಾನಳ ಕೈಗೆ ಕೊಟ್ಟೆ. ಯಾರದು ಎಂದು ಹೇಳಿದೆ. ಅವಳು ಅವನ್ನು ಬಟ್ಟೆಯ ಪೆಟ್ಟಿಗೆಯಲ್ಲಿಟ್ಟು ಅಕ್ಕಿ ಆರಿಸಲು ಕೂತಳು. ಗಂಗವ್ವ ಹೇಳಿದ್ದೆಲ್ಲ ನನ್ನ ಮನೆಯಲ್ಲೂ ನಡೆದಿತ್ತು, ನಾನು ಒಮ್ಮೆಯೂ ಕೇಳಿರಲಿಲ್ಲ. ಬೀಬಿಜಾನಳ ಎದುರು ನೆಲದ ಮೇಲೆ ಕೂತೆ.

"ನಿನಗ ಭಾಳ ತ್ರಾಸ ಆತಲ್ಲ" ಅಂದೆ.

"ಏನು?"

"ಬಟ್ಟಿ ಒಗಿಯೂದು. ದಾರ್ಯಾಗ ಸೆರಗ ಹಿಡದು ನಿಂದ್ರೂದು. ಎಲ್ಲಾ."

ಅವಳು ಮೊರದಿಂದ ಕಲ್ಲೊಂದನ್ನು ತೆಗೆದು ಹಾಕಿದಳು. "ಒಗಿಯೂದರಾಗ ಏನೈತ್ರಿ. ರಿಜ್ವಾನಾಂದೂ ಒಗದೀನಿ, ನಿಮ್ಮ ಅವ್ವಂದೂ ಒಗದೀನಿ." ಮತ್ತೊಂದು ಕಲ್ಲು ತೆಗೆದಳು. "ದಿನಾ ಮುಂಜಾನೆ ಒಂದು ತಾಸು ಆ ಬಾಗಲದಾಗ ನಿಂತಿರ್ತೀನಿ. ನೀವು ಒಳಗ ಒಂದು ಮಾತೂ ಆಡೂದಿಲ್ಲ. ಅದಾರೋ ಇಲ್ಲೋ ಅಂತ ಜೀವ ಹೊಡಕೋತೈತಿ. ಕರೀಬೇಕಂದ್ರ ನಿಮಗ ಸಿಟ್ಟು ಬರ್ತೈತೇನೋ ಅಂತ ಸುಮ್ಮನ ನಿಂದರ್ತೀನಿ. ಅದೊಂದ ತ್ರಾಸ."

ಮರುದಿನ ಒಂಬತ್ತಕ್ಕೆ ಒಳಗೆ ಹೋಗಿ ಚಿಲಕ ಹಾಕಿದೆ. ನೀರಿನ ಚೀಲ ತೂಗುಹಾಕಿ ಕೂತೆ. ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ಚಪ್ಪಲಿ ಕಾಣುತ್ತಿತ್ತು. ಏನು ಮಾತಾಡುವುದು ಎಂದು ತಿಳಿಯಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಒಂದು ಮಾತು ಹುಡುಕಲು ಅಷ್ಟು ಹೊತ್ತು ಹಿಡಿಯಿತು.

"ಬೀಬಿ" ಎಂದು ಕರೆದೆ.

"ಆಂ?" ಗಾಬರಿಯ ದನಿ. "ಏನಾತ್ರಿ?"

"ಏನೂ ಇಲ್ಲ. ಬಂಗಡಿ ಮೀನ ಬಂದಾವೇನು ಮಾರ್ಕೆಟ್ಟಿಗೆ?"

ಚಪ್ಪಲಿಗಳು ಒಂದು ಹೆಜ್ಜೆ ಹತ್ತಿರ ಬಂದವು.

"ಬಂದಾವು" ಅಂದಳು. "ಸಣ್ಣು ಅದಾವು. ಇನ್ನೂ ಎಂಟು ದಿನ ಬಿಟ್ಟು ತರೂಣು."